ಕೊಯ್ಲಿನ ಮೇಲೆ ಹಿತ್ತಲಿನ ಶುದ್ಧಿ

ಪಾಠ: ವಿಮೋಚನಕಾಂಡ 21:33, 34, 22:6.



ಮಳೆಯು ಹಿಂಜರಿದು, ವಾರಾಹಿ ಹೊಳೆಯ ಕೆಂಪು ನೀರು ತಿಳಿಯಾಗುವ ದಿವಸಗಳಲ್ಲಿ ಹಟ್ಟಿಯಂಗಡಿಯ ಸುತ್ತಲಿನ ಬೈಲುಗದ್ದೆಗಳಲ್ಲಿ ಕಾರ್ತಿ ಬೆಳೆಯ ಕೊಯ್ಲು ನಡೆಯುತ್ತದೆ. ನೆರೆಯವರು ಹೊಸ್ತಿನ ದಿನ ಕದಿರನ್ನು ಮನೆಗೆ ತಂದು ಕಟ್ಟುತ್ತಾರೆ. ನಾವು ಬೆಳೆಹಬ್ಬದ ಆದಿತ್ಯವಾರ ಪ್ರಥಮಫಲವನ್ನು ದೇವಾಲಯಕ್ಕೆ ತರುತ್ತೇವೆ. ಹಿಂದೆ ಕತ್ತಿ ಹಿಡಿದು ಕೊಯ್ದು, ಹಡಿಮಂಚಕ್ಕೆ ಬಡಿದು, ತಿರಿ ಕಟ್ಟಿ ಮುಗಿಸಲು ವಾರಗಳೇ ಹಿಡಿಯುತ್ತಿದ್ದ ಕೆಲಸವನ್ನು ಈಗ ಬಾಡಿಗೆಯ ಯಂತ್ರವು ಕೆಲವು ತಾಸುಗಳಲ್ಲಿ ತೀರಿಸಿಬಿಡುತ್ತದೆ. ಭತ್ತವು ಮನೆ ಸೇರಿದೊಡನೆ ಈ ವರುಷದ ಕೆಲಸವಾಯಿತೆಂದು ಸ್ತೋತ್ರ ಹೇಳಿ ಹಾಯಾಗಿ ಕೂತುಕೊಳ್ಳುವವರು ನಮ್ಮಲ್ಲಿ ಬಹಳ. ಸ್ತೋತ್ರ ಹೇಳುವದು ಯುಕ್ತವೇ. ಆದರೆ ಮನೆಗೆ ಬಂದದ್ದನ್ನು ಲೆಕ್ಕಮಾಡಿದವರು ಹಿತ್ತಲಲ್ಲಿ ಬಿಟ್ಟದ್ದನ್ನೂ ಲೆಕ್ಕಮಾಡತಕ್ಕದ್ದೆಂದು ಈ ತಿಂಗಳಿನ ಪಾಠವು ನಮಗೆ ಕಲಿಸುತ್ತದೆ.

ಇಸ್ರಾಯೇಲ್ಯರಿಗೆ ಕೊಡಲ್ಪಟ್ಟ ನ್ಯಾಯವಿಧಿಗಳಲ್ಲಿ ಎರಡನ್ನು ನೋಡೋಣ. ಒಬ್ಬನು ತೋಡಿದ ಗುಂಡಿಯನ್ನು ಮುಚ್ಚದೆ ಬಿಟ್ಟು, ಅದರಲ್ಲಿ ಬೇರೊಬ್ಬನ ಎತ್ತು ಬಿದ್ದು ಸತ್ತರೆ, ಗುಂಡಿಯವನು ಅದರ ಬೆಲೆಯನ್ನು ತೆರಬೇಕು. ಒಬ್ಬನು ಹೊತ್ತಿಸಿದ ಬೆಂಕಿಯು ಮುಳ್ಳುಗಂಟಿಗಳಿಗೆ ತಗಲಿ ನೆರೆಯವನ ಪೈರನ್ನು ಸುಟ್ಟರೆ, ಹೊತ್ತಿಸಿದವನೇ ಆ ನಷ್ಟವನ್ನು ತುಂಬಬೇಕು. ಇಲ್ಲಿ ಕಳ್ಳತನವಿಲ್ಲ, ಹಗೆಯೂ ಇಲ್ಲ. ಗುಂಡಿಯು ಅವನ ನೆಲದ್ದು, ಬೆಂಕಿಯು ಅವನ ಕಸಕ್ಕೆ ಇಟ್ಟದ್ದು. ಆದರೂ ಅವನೇ ಹೊಣೆಗಾರನು. ಕೆಟ್ಟದ್ದನ್ನು ನಾನು ಬಯಸಲಿಲ್ಲವೆಂಬ ಉತ್ತರವು ಈ ವಿಧಿಯ ಮುಂದೆ ನಿಲ್ಲುವದಿಲ್ಲ.

ಈಗ ನಮ್ಮ ದನದ ಹಟ್ಟಿಯ ಹಿಂದಿರುವ ಗೊಬ್ಬರದ ಗುಂಡಿಯ ಬಳಿಗೆ ಹೋಗೋಣ. ಅದರಲ್ಲಿ ಎತ್ತು ಬೀಳಲಿಕ್ಕಿಲ್ಲ. ಆದರೆ ಒಂದು ಮೊಳ ಕೆದಕಿದರೆ, ಬಾಗಿಕೊಂಡು ಮಲಗಿರುವ ದಪ್ಪವಾದ ಬಿಳಿಯ ಗೊಣ್ಣೆಹುಳುಗಳು ಕಾಣುವವು. ಇವುಗಳಲ್ಲಿ ಅನೇಕವು ಕುರುವಾಯಿಯ ಮರಿಗಳು, ಅಂದರೆ ತಲೆಯ ಮೇಲೆ ಕೊಂಬುಳ್ಳ ಆ ಕಪ್ಪು ಜೀರುಂಡೆಯ ಸಂತಾನ. ಹೆಣ್ಣು ಜೀರುಂಡೆಯು ಗೊಬ್ಬರದಲ್ಲಿಯೂ ಕೊಳೆತ ತೆಂಗಿನ ಕೊರಡುಗಳಲ್ಲಿಯೂ ನೂರರಷ್ಟು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯಿಂದ ಜೀರುಂಡೆಯಾಗುವದಕ್ಕೆ ಸುಮಾರು ಆರು ತಿಂಗಳು ಬೇಕು. ಹಾಗಾದರೆ ಇಂದು ನಮ್ಮ ಗುಂಡಿಯಲ್ಲಿ ಮಲಗಿರುವದು ಮುಂದಿನ ಮಳೆಗಾಲದೊಳಗೆ ರೆಕ್ಕೆ ಪಡೆದು, ರಾತ್ರಿಯಲ್ಲಿ ಹಾರಿ, ತೆಂಗಿನ ಸುಳಿಯನ್ನು ಕೊರೆಯುವದು. ಆಮೇಲೆ ಬಿಚ್ಚುವ ಗರಿಯು ಕತ್ತರಿಯಿಂದ ಕತ್ತರಿಸಿದ ಹಾಗಿರುವದನ್ನು ನಾವೆಲ್ಲರೂ ನೋಡಿದ್ದೇವೆ. ಆ ಗಾಯದಲ್ಲಿ ಕೆಂಪು ಮೂತಿಹುಳು ಮೊಟ್ಟೆಯಿಟ್ಟರೆ ದೊಡ್ಡ ಮರವೇ ಸಾಯುವದುಂಟು. ಎಳೆಯ ಸಸಿಗಾದರೆ ಕುರುವಾಯಿಯೊಂದೇ ಸಾಕು.

ಜೀರುಂಡೆಗೆ ಬೇಲಿಯಿಲ್ಲ. ನಮ್ಮ ಸೆಗಣಿಯನ್ನು ತಿಂದು ಬೆಳೆದದ್ದು ನಮ್ಮ ಮರವನ್ನೇ ಹುಡುಕಿಕೊಂಡು ಹೋಗುವದಿಲ್ಲ. ಆಚೆಯ ಹಿತ್ತಲಲ್ಲಿ ನಾಲ್ಕು ತೆಂಗಿನ ಮರಗಳನ್ನೇ ನಂಬಿರುವ ವಿಧವೆಯ ಮರಕ್ಕೂ ಅದು ಹೋದೀತು. ಅದು ಯಾರ ಗುಂಡಿಯ ಹುಳವೆಂದು ಯಾವ ಪಂಚಾಯತಿಯಲ್ಲಿಯೂ ಸಾಬೀತಾಗುವದಿಲ್ಲ. ಈ ಅಲಕ್ಷ್ಯವು ನಮಗೆ ಹಗುರವಾಗಿ ತೋರುವದು ಅದರಿಂದಲೇ. ಎತ್ತು ಬಿದ್ದರೆ ಊರೇ ಕೂಡಿ ನೋಡುವದು. ಹುಳವು ಹಾರಿಹೋದದ್ದನ್ನು ನೋಡುವವನು ದೇವರೊಬ್ಬನೇ.

ಪರಿಹಾರವು ಕಷ್ಟದ್ದಲ್ಲ, ಬೇಸರದ್ದು ಮಾತ್ರ. ಕೊಯ್ಲು ಮುಗಿದ ವಾರದಲ್ಲಿಯೇ ಗೊಬ್ಬರವನ್ನು ತಳದವರೆಗೆ ತೆಗೆದು ಮಗುಚಿ, ಮನೆಯ ಕೋಳಿಗಳನ್ನು ಅದರ ಮೇಲೆ ಬಿಡಿರಿ. ಅವು ಹುಳುಗಳನ್ನು ನಮ್ಮ ಕಣ್ಣಿಗಿಂತ ಚೆನ್ನಾಗಿ ಆರಿಸುತ್ತವೆ. ಸತ್ತ ತೆಂಗಿನ ಕೊರಡನ್ನು ಎಂದಾದರೂ ಕಟ್ಟಿಗೆಯಾದೀತೆಂದು ಮೂರು ಮಳೆಗಾಲ ಬಿಡುವ ವಾಡಿಕೆಯು ನಿಲ್ಲಬೇಕು. ಅದನ್ನು ಈಗಲೇ ಸೀಳಿ ಒಣಗಿಸಿರಿ. 1916ರಲ್ಲಿ ಕಾಸರಗೋಡಿನಲ್ಲಿ ಆರಂಭವಾದ ತೆಂಗಿನ ಸಂಶೋಧನಾ ಕೇಂದ್ರವು ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿದೆ. ಗೊಣ್ಣೆಹುಳುಗಳಿಗೆ ರೋಗ ತಂದು ಕೊಲ್ಲುವ ಒಂದು ಹಸುರು ಬೂಷ್ಟನ್ನು ಗುಂಡಿಗೆ ಬೆರಸಬೇಕೆಂದೂ, ಬೇವಿನ ಹಿಂಡಿಯನ್ನು ಅಷ್ಟೇ ಮರಳಿನೊಡನೆ ಸುಳಿಯ ಬಳಿಯ ಮಡಲುಗಳ ಸಂದಿನಲ್ಲಿ ತುಂಬಬೇಕೆಂದೂ ಅಲ್ಲಿಯ ಪಂಡಿತರು ಹೇಳುತ್ತಾರೆ.

ಅಡಿಕೆಯ ಮರಗಳುಳ್ಳವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕೊಳೆರೋಗದಿಂದ ಉದುರಿದ ಕಾಯಿಗಳು ಬುಡದಲ್ಲಿಯೂ, ಒಣಗಿದ ಗೊನೆಗಳು ಮರದ ತಲೆಯಲ್ಲಿಯೂ ಉಳಿದಿರುತ್ತವೆ. ಮೈಸೂರು ಸಂಸ್ಥಾನದಲ್ಲಿ ಸೇವೆ ಮಾಡಿದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್‌ಮನ್ನರು ಈ ರೋಗವನ್ನು ಪರೀಕ್ಷಿಸಿ 1910ರಲ್ಲಿ ಅದರ ವಿವರವನ್ನು ಪ್ರಕಟಿಸಿದರು; ಇದು ದೃಷ್ಟಿದೋಷವಲ್ಲ, ಮಳೆಹನಿಯೊಡನೆ ಹರಡುವ ಸೂಕ್ಷ್ಮ ಬೂಷ್ಟಿನ ಕೆಲಸ. ಮುಂದಿನ ವರುಷದ ಬೀಜವು ಈ ಉಳಿಕೆಯಲ್ಲಿ ಅಡಗಿರುತ್ತದೆ. ಆದದರಿಂದ ಅವುಗಳನ್ನು ಕೂಡಿಸಿ ಸುಡಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಕೂಡಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೂ, ಅದಾಗಿ 40-45 ದಿವಸಗಳ ಮೇಲೆ ಮತ್ತೊಮ್ಮೆಯೂ ಸಿಂಪಡಿಸುವದು ಎಲ್ಲರಿಗೂ ತಿಳಿದದ್ದೇ. ಆದರೆ ಕಸವನ್ನು ತೆಗೆಯದೆ ಔಷಧವನ್ನು ಮಾತ್ರ ನಂಬುವದು ಅರ್ಧ ಕೆಲಸ.

ಸುಡುವದೆಂದರೆ ಎಲ್ಲವನ್ನೂ ಸುಡುವದಲ್ಲ. ರೋಗದ ಕಾಯಿ ಬೇರೆ, ತರಗೆಲೆ ಬೇರೆ. ತರಗೆಲೆಯು ತೆಂಗು ಅಡಿಕೆಗಳ ಬುಡಕ್ಕೆ ಹೊದಿಕೆಯಾಗಿ ಬೇಸಿಗೆಯಲ್ಲಿ ತೇವವನ್ನು ಕಾಯುವದು. ಅದನ್ನು ಬೂದಿಮಾಡುವವನು ತನ್ನ ಗೊಬ್ಬರವನ್ನೇ ಗಾಳಿಗೆ ತೂರುತ್ತಾನೆ. ಬೆಂಕಿಯಿಡಲೇಬೇಕಾದರೆ ಹುಲ್ಲಿನ ಕುತ್ತರಿಯಿಂದ ದೂರ, ಗಾಳಿಯಿಲ್ಲದ ಮುಂಜಾನೆಯಲ್ಲಿ, ಕೊಡಪಾನ ನೀರನ್ನು ಪಕ್ಕದಲ್ಲಿಟ್ಟುಕೊಂಡು ಇಡಿರಿ. ಪೂರಾ ಆರುವವರೆಗೆ ಅಲ್ಲಿಂದ ಕದಲಬೇಡಿರಿ. ನಮ್ಮ ಪಾಠದ ಎರಡನೆಯ ವಿಧಿಯು ಇದೇ.

ಗದ್ದೆಯ ಕೂಳೆಯನ್ನು ಬೇಗನೆ ಉತ್ತರೆ ಕಾಂಡಕೊರಕ ಹುಳುವಿಗೆ ಮನೆಯಿಲ್ಲದೆ ಹೋಗುವದು. ತೇವವಾರುವ ಮುನ್ನ ಉದ್ದನ್ನೂ ಬಿತ್ತಬಹುದು. ಕಾಲಲ್ಲಿ ಗಾಯವಿದ್ದವರು ಕೆಸರಿಗಿಳಿಯಬಾರದು, ಯಾಕಂದರೆ ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಕೊಯ್ಲಿನ ದಿವಸಗಳಲ್ಲಿ ಬಂದ ಜ್ವರವನ್ನು ದಣಿವೆಂದು ತಳ್ಳಿಬಿಡದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನು ಶುದ್ಧಿಯ ಉತ್ಸಾಹದಲ್ಲಿ ಎಲ್ಲವನ್ನೂ ಬಳಿದುಕೊಳ್ಳುವವರೂ ಇದ್ದಾರೆ. ಯಾಜಕಕಾಂಡ 19:9, 10ನ್ನು ಓದಿರಿ: ಹೊಲದ ಅಂಚು, ಹಕ್ಕಲು ತೆನೆ, ಉದುರಿದ ಹಣ್ಣು ಬಡವನದೂ ಪರದೇಶಿಯದೂ ಆಗಿವೆ. ಯಂತ್ರವು ತಿರುಗಲಾರದ ಗದ್ದೆಯ ಮೂಲೆಗಳಲ್ಲಿ ತೆನೆ ನಿಂತಿರುತ್ತದೆ. ಅದನ್ನು ಕೇಳಿಬಂದವರಿಗೆ ಬಿಡಿರಿ. ಬಿದ್ದ ಮಡಲುಗಳಿಂದ ಹಿಡಿಸೂಡಿ ಕಟ್ಟಿ ಮಾರುವ ಹೆಂಗಸರು ನೆರೆಯಲ್ಲಿದ್ದರೆ ಅವುಗಳನ್ನು ಒಲೆಗೆ ಹಾಕುವ ಮೊದಲು ಅವರನ್ನು ಕರೆಯಿರಿ. ಯಾವದನ್ನು ತೆಗೆಯಬೇಕು, ಯಾವದನ್ನು ಬಿಡಬೇಕೆಂಬದಕ್ಕೆ ಅಳತೆಯು ಒಂದೇ: ನೆರೆಯವನಿಗೆ ಕೇಡಾಗುವದನ್ನು ತೆಗೆಯಿರಿ, ಅವನಿಗೆ ಉಪಯೋಗವಾಗುವದನ್ನು ಬಿಡಿರಿ.

ಮುದುಕರೂ ವಿಧವೆಯರೂ ತಮ್ಮ ಗೊಬ್ಬರವನ್ನು ತಾವೇ ಮಗುಚಲಾರರು. ಪ್ರತಿ ಸಭೆಯ ಹಿರಿಯರು ಬೆಳೆಹಬ್ಬದ ನಂತರದ ಒಂದು ಶನಿವಾರವನ್ನು ಗೊತ್ತುಮಾಡಿ, ಯೌವನಸ್ಥರನ್ನು ಹಾರೆ ಬುಟ್ಟಿಗಳೊಡನೆ ಅಂಥವರ ಹಿತ್ತಲಿಗೆ ಕಳುಹಿಸಲಿ. ಆ ಮನೆಯವರು ಸಭೆಗೆ ಸೇರಿದವರೋ ಅಲ್ಲವೋ ಎಂದು ಕೇಳಬೇಕಾಗಿಲ್ಲ. ಮಧ್ಯಾಹ್ನದ ಗಂಜಿಯನ್ನು ಸಭೆಯವರೇ ಒದಗಿಸಲಿ.

ಮುಂದಿನ ತಿಂಗಳಿನ ಪಾಠ: ರೂತಳು, 2ನೇ ಅಧ್ಯಾಯ.