ಹಂಡೆಯ ತಳದಲ್ಲಿ ಕಲ್ಲಿನ ಪೊರೆ

ವಿದ್ಯಾರ್ಥಿಗಳೇ, ಸ್ನಾನದ ನೀರು ಕಾಯಿಸುವ ಹಂಡೆಯ ಒಳಭಾಗವನ್ನು ಎಂದಾದರೂ ಗಮನಿಸಿದ್ದೀರಾ? ಕೊಳವೆಬಾವಿಯ ನೀರು ಬಳಸುವ ಅನೇಕ ಮನೆಗಳಲ್ಲಿ ಹಂಡೆಯ ತಳಕ್ಕೆ ಬಿಳಿಯ ಅಥವಾ ಬೂದುಬಣ್ಣದ ಗಟ್ಟಿ ಪೊರೆ ಅಂಟಿರುತ್ತದೆ. ಉಗುರಿನಿಂದ ಕೆರೆದರೆ ಅದು ಏಳುವುದಿಲ್ಲ. ವಿದ್ಯುತ್ ಹೀಟರಿನ ಸುರುಳಿಯ ಮೇಲೂ ಇದೇ ಪೊರೆ ಇರುತ್ತದೆ. ಹಾಕಿದ ನೀರು ತಿಳಿಯಾಗಿಯೇ ಇತ್ತು. ಹಾಗಾದರೆ ಈ ಕಲ್ಲು ಎಲ್ಲಿಂದ ಬಂತು? ಇದರಿಂದ ನಮಗೇನು ನಷ್ಟ? ಬನ್ನಿ, ತಿಳಿಯೋಣ.

ನೀರು ಗಡಸಾಗುವುದು ಹೇಗೆ?

ಮಳೆಯ ಹನಿ ಗಾಳಿಯಲ್ಲಿ ಬೀಳುವಾಗ ಸ್ವಲ್ಪ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ. ನೀರು ಮಣ್ಣಿನಲ್ಲಿ ಇಂಗುವಾಗ ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಹೊರಬಿಟ್ಟ ಇದೇ ಅನಿಲ ಇನ್ನಷ್ಟು ಸೇರುತ್ತದೆ. ಆಗ ನೀರು ತುಂಬ ದುರ್ಬಲವಾದ ಆಮ್ಲವಾಗುತ್ತದೆ. ಈ ನೀರು ಸುಣ್ಣದ ಅಂಶವಿರುವ ಕಲ್ಲು, ಮಣ್ಣುಗಳ ನಡುವೆ ಹರಿದಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಅದರಲ್ಲಿ ಕರಗುತ್ತವೆ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ನಿಮಗೆ ಗೊತ್ತಲ್ಲವೇ? ಅದೂ ಸುಣ್ಣದ ಕಲ್ಲೇ. ಈ ಲವಣಗಳು ಹೆಚ್ಚಾಗಿರುವ ನೀರೇ ಗಡಸು ನೀರು. ಗಡಸು ನೀರು ಎಂದರೆ ಕೊಳಕು ನೀರಲ್ಲ ಎಂಬುದು ನೆನಪಿರಲಿ.

ಕರಗಿದ್ದು ಮತ್ತೆ ಕಲ್ಲಾಯಿತು!

ಸಕ್ಕರೆ ತಣ್ಣೀರಿಗಿಂತ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ. ಆದರೆ ಇಲ್ಲಿ ನಡೆಯುವುದು ತದ್ವಿರುದ್ಧ. ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ವಿಭಜನೆಯಾಗುತ್ತದೆ. ಇಂಗಾಲದ ಡೈ ಆಕ್ಸೈಡ್ ಹೊರಹೋಗುತ್ತದೆ. ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಅದು ಪಾತ್ರೆಯ ಅತಿ ಬಿಸಿಯಾದ ಭಾಗಕ್ಕೇ, ಅಂದರೆ ತಳಕ್ಕೆ ಅಥವಾ ಹೀಟರಿನ ಸುರುಳಿಗೆ, ಅಂಟಿಕೊಳ್ಳುತ್ತದೆ. ಹೀಗೆ ಕುದಿಸಿದರೆ ಹೋಗುವ ಗಡಸುತನವನ್ನು ತಾತ್ಕಾಲಿಕ ಗಡಸುತನ ಎನ್ನುತ್ತಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಸಲ್ಫೇಟ್ ಮತ್ತು ಕ್ಲೋರೈಡ್‌ಗಳಿಂದ ಬರುವುದು ಶಾಶ್ವತ ಗಡಸುತನ. ಅದು ಕುದಿಸಿದರೂ ಹೋಗುವುದಿಲ್ಲ.

ಒಂದು ಲೆಕ್ಕ ಮಾಡಿ

ಭಾರತೀಯ ಮಾನಕ ಬ್ಯೂರೋದ 2012ರ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 600ರವರೆಗೂ ಒಪ್ಪಬಹುದು. ಒಂದು ಮನೆಯ ನೀರಿನಲ್ಲಿ 300 ಮಿಲಿಗ್ರಾಂ ಇದೆ, ದಿನಕ್ಕೆ 60 ಲೀಟರ್ ಕಾಯಿಸುತ್ತಾರೆ ಎಂದುಕೊಳ್ಳಿ. 60 × 300 = 18,000 ಮಿಲಿಗ್ರಾಂ, ಅಂದರೆ 18 ಗ್ರಾಂ. ವರ್ಷಕ್ಕೆ ಸುಮಾರು ಆರೂವರೆ ಕಿಲೋಗ್ರಾಂ! ಇದೆಲ್ಲವೂ ಹಂಡೆಗೆ ಅಂಟುವುದಿಲ್ಲ, ಹೆಚ್ಚಿನ ಭಾಗ ನೀರಿನೊಂದಿಗೇ ಹೋಗುತ್ತದೆ. ಆದರೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಅಂಟಿದರೂ ಕೆಲವು ತಿಂಗಳಲ್ಲಿ ಪೊರೆ ದಪ್ಪವಾಗುತ್ತದೆ.

ನಷ್ಟವೇನು?

ತಾಮ್ರ ಒಳ್ಳೆಯ ಉಷ್ಣವಾಹಕ. ಈ ಪೊರೆಗಿಂತ ತಾಮ್ರದಲ್ಲಿ ಉಷ್ಣವು ನೂರಕ್ಕೂ ಹೆಚ್ಚು ಪಟ್ಟು ಸುಲಭವಾಗಿ ಹರಿಯುತ್ತದೆ. ಪೊರೆ ಕಟ್ಟಿದ ಹಂಡೆ ಎಂದರೆ ಬೆಂಕಿಗೂ ನೀರಿಗೂ ನಡುವೆ ಕಲ್ಲಿನ ಕಂಬಳಿ ಹೊದಿಸಿದಂತೆ. ನೀರಿಗೆ ಸೇರಬೇಕಾದ ಉಷ್ಣದಲ್ಲಿ ಒಂದಷ್ಟು ಬಿಸಿ ಹೊಗೆಯೊಂದಿಗೆ ಹೊರಟುಹೋಗುತ್ತದೆ. ಆದ್ದರಿಂದ ಹೆಚ್ಚು ಸೌದೆ ಬೇಕು. ಸೌದೆ ಹೊತ್ತು ತರುವವರಿಗೆ ಶ್ರಮ ಹೆಚ್ಚು, ಒಲೆಯ ಮುಂದೆ ಕೂರುವವರಿಗೆ ಹೊಗೆ ಹೆಚ್ಚು.

ವಿದ್ಯುತ್ ಹೀಟರಿನ ಕತೆ ಸ್ವಲ್ಪ ಬೇರೆ. ಅದರ ಸುರುಳಿ ನೀರಿನೊಳಗೇ ಇರುವುದರಿಂದ ಉಷ್ಣವು ತಡವಾಗಿಯಾದರೂ ನೀರಿಗೇ ಸೇರುತ್ತದೆ. ಆದರೆ ಪೊರೆಯೊಳಗೆ ಸಿಕ್ಕ ಸುರುಳಿ ಅತಿಯಾಗಿ ಬಿಸಿಯಾಗಿ ಬೇಗನೆ ಸುಟ್ಟುಹೋಗುತ್ತದೆ.

ಚಳಿ ದೇಶದ ಮನೆಗಳಲ್ಲಿ

ಬ್ರಿಟನ್ನಿನಂಥ ಚಳಿ ದೇಶಗಳಲ್ಲಿ ಸ್ನಾನಕ್ಕಷ್ಟೇ ಅಲ್ಲ, ಮನೆಯನ್ನು ಬೆಚ್ಚಗಿಡಲೂ ನೀರು ಕಾಯಿಸುತ್ತಾರೆ. ಬಾಯ್ಲರ್‌ನಲ್ಲಿ ಕಾದ ನೀರನ್ನು ಪಂಪು ಕೊಳವೆಗಳ ಮೂಲಕ ಪ್ರತಿ ಕೋಣೆಗೂ ತಳ್ಳುತ್ತದೆ. ಗೋಡೆಯ ಬದಿಯಲ್ಲಿರುವ ರೇಡಿಯೇಟರ್ ಎಂಬ ಚಪ್ಪಟೆ ಕಬ್ಬಿಣದ ತೊಟ್ಟಿಗಳಲ್ಲಿ ಹರಿದು, ಉಷ್ಣವನ್ನು ಕೋಣೆಗೆ ಕೊಟ್ಟು, ತಣಿದ ನೀರು ಮತ್ತೆ ಬಾಯ್ಲರಿಗೆ ಮರಳುತ್ತದೆ. ಅದೇ ನೀರು ಮತ್ತೆ ಮತ್ತೆ ಸುತ್ತುತ್ತದೆ!

ಲಂಡನ್ ನಗರದ ನೀರು ಗಡಸು, ಏಕೆಂದರೆ ಅಲ್ಲಿನ ನೆಲದಡಿಯಲ್ಲಿ ಸೀಮೆಸುಣ್ಣದ ಪದರಗಳಿವೆ. ಆದರೂ ಸುತ್ತುವ ನೀರಿನಿಂದ ಸುಣ್ಣ ಬೀಳುವುದು ಒಮ್ಮೆ ಮಾತ್ರ. ಹೊಸ ನೀರು ಬಾರದಿದ್ದರೆ ಹೊಸ ಸುಣ್ಣವೂ ಬಾರದು.

ಅಲ್ಲಿನ ದೊಡ್ಡ ಶತ್ರು ತುಕ್ಕು. ನೀರಿನಲ್ಲಿರುವ ಆಮ್ಲಜನಕ ಕಬ್ಬಿಣದೊಂದಿಗೆ ವರ್ತಿಸುತ್ತದೆ. ಹೀಗೆ ಮ್ಯಾಗ್ನಟೈಟ್ ಎಂಬ ಕಪ್ಪು ಪುಡಿ ಉಂಟಾಗಿ ಕೆಸರಿನಂತೆ ರೇಡಿಯೇಟರಿನ ತಳದಲ್ಲಿ ಕೂರುತ್ತದೆ. ಆಗ ರೇಡಿಯೇಟರಿನ ಮೇಲ್ಭಾಗ ಬಿಸಿ, ಕೆಳಭಾಗ ತಣ್ಣಗೆ. ಕೆಳಗೆ ಬಿಸಿಯಿದ್ದು ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಅಥವಾ ಅನಿಲ ಸೇರಿದೆ ಎಂದರ್ಥ.

ಇದಕ್ಕೆ ಪರಿಹಾರವೇನು? ಮೊದಲು ಕೊಳವೆಗಳನ್ನು ಚೆನ್ನಾಗಿ ತೊಳೆಯುತ್ತಾರೆ. ಅನಂತರ ತುಕ್ಕು ತಡೆಯುವ ರಾಸಾಯನಿಕವನ್ನು ನೀರಿಗೆ ಬೆರೆಸುತ್ತಾರೆ. ಅದು ಲೋಹದ ಮೇಲೆ ತೆಳುವಾದ ರಕ್ಷಣೆಯ ಪದರವಾಗುತ್ತದೆ. ನೀರು ಹರಿಯುವ ದಾರಿಯಲ್ಲಿ ಆಯಸ್ಕಾಂತವಿರುವ ಸೋಸಕವನ್ನು ಇಡುತ್ತಾರೆ. ಮ್ಯಾಗ್ನಟೈಟ್ ಆಯಸ್ಕಾಂತಕ್ಕೆ ಅಂಟುವುದರಿಂದ ಕಪ್ಪು ಕೆಸರು ಅಲ್ಲೇ ಸಿಕ್ಕಿಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲೂ ನೀರು ಸೋರದಂತೆ ನೋಡಿಕೊಳ್ಳುತ್ತಾರೆ.

ಇದೇ ಉಪಾಯವನ್ನು ನಮ್ಮಲ್ಲಿ ಗಡಸು ನೀರಿನ ಊರುಗಳ ಕೆಲವು ಸೋಲಾರ್ ಹೀಟರುಗಳಲ್ಲೂ ಕಾಣಬಹುದು. ಬಿಸಿಲಿಗೆ ಕಾಯುವ ಸಣ್ಣ ಕೊಳವೆಗಳಲ್ಲಿ ಸುತ್ತುವುದು ಒಂದೇ ಮೆದು ನೀರು. ಅದು ತನ್ನ ಉಷ್ಣವನ್ನು ಲೋಹದ ಗೋಡೆಯ ಮೂಲಕ ತೊಟ್ಟಿಯ ಗಡಸು ನೀರಿಗೆ ಕೊಡುತ್ತದೆ.

ನಿಮಗಿದು ಗೊತ್ತೆ?

ಸುಣ್ಣ ಹಾಕಿ ಸುಣ್ಣ ತೆಗೆಯಬಹುದು! ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಕ್ಲಾರ್ಕ್ 1841ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರು. ತಾತ್ಕಾಲಿಕ ಗಡಸುತನವಿರುವ ನೀರಿಗೆ ಅಳತೆ ಮಾಡಿ ಸುಣ್ಣ ಬೆರೆಸಿದರೆ, ಕರಗಿದ್ದ ಬೈಕಾರ್ಬೊನೇಟ್ ಕರಗದ ಕಾರ್ಬೊನೇಟ್ ಆಗಿ ತಳದಲ್ಲಿ ಕೂರುತ್ತದೆ. ಅಳತೆ ತಪ್ಪಿದರೆ ಸುಣ್ಣವೇ ನೀರಿನಲ್ಲಿ ಉಳಿಯುತ್ತದೆ. ಆದ್ದರಿಂದ ಮನೆಯಲ್ಲಿ ಇದನ್ನು ಮಾಡಬೇಡಿ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಮುಚ್ಚಳವಿರುವ ಒಂದೇ ಅಳತೆಯ 3 ಬಾಟಲಿಗಳು, ಮಳೆನೀರು, ಕೊಳವೆಬಾವಿಯ ನೀರು, ಕುದಿಸಿ ಆರಿಸಿ ಬಟ್ಟೆಯಲ್ಲಿ ಸೋಸಿದ ಕೊಳವೆಬಾವಿಯ ನೀರು, ಬಟ್ಟೆ ಒಗೆಯುವ ಬಾರ್ ಸೋಪಿನ ದ್ರಾವಣ. ಡಿಟರ್ಜೆಂಟ್ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ.

ವಿಧಾನ: ಪ್ರತಿ ಬಾಟಲಿಗೂ ಒಂದೊಂದು ಬಗೆಯ ನೀರನ್ನು ಅರ್ಧದಷ್ಟು ತುಂಬಿ. ತಲಾ 10 ಹನಿ ಸೋಪಿನ ದ್ರಾವಣ ಹಾಕಿ, 20 ಸಲ ಕುಲುಕಿ. ನೊರೆಯ ಎತ್ತರವನ್ನು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಕುದಿಸಿದ ನೀರಿನಲ್ಲಿ ನೊರೆ ಹೆಚ್ಚಾಗಿದ್ದರೆ ನಿಮ್ಮೂರ ನೀರಿನಲ್ಲಿ ತಾತ್ಕಾಲಿಕ ಗಡಸುತನವಿದೆ. ನೀರು ಕುದಿಸುವಾಗ ದೊಡ್ಡವರು ಜೊತೆಗಿರಲಿ.

ಹಂಡೆಯಿಂದ ಉದುರಿದ ಪೊರೆಯ ಚೂರು ಸಿಕ್ಕರೆ ಅದರ ಮೇಲೆ ನಿಂಬೆರಸ ಹಿಂಡಿ. ಗುಳ್ಳೆಗಳು ಏಳುತ್ತವೆ. ಕಲ್ಲಿನಲ್ಲಿ ಸೇರಿದ್ದ ಇಂಗಾಲದ ಡೈ ಆಕ್ಸೈಡ್ ಹೀಗೆ ಹೊರಬರುತ್ತದೆ.

ಮನೆಯಲ್ಲಿ ಏನು ಮಾಡಬಹುದು?

* ಪೊರೆ ತೆಳುವಾಗಿರುವಾಗಲೇ ತಣ್ಣಗಿನ ಹಂಡೆಗೆ ನಿಂಬೆರಸ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಉಜ್ಜಿ ತೊಳೆಯಿರಿ.
* ಸ್ನಾನಕ್ಕೆ ಕುದಿಯುವ ನೀರು ಬೇಕಿಲ್ಲ. ಬೇಕಾದಷ್ಟೇ ಬಿಸಿ ಮಾಡಿದರೆ ಸೌದೆಯೂ ಉಳಿಯುತ್ತದೆ, ಪೊರೆಯೂ ಕಡಿಮೆ.
* ಮಾಡಿನಿಂದ ಹಿಡಿದ ಮಳೆನೀರು ಮೆದು ನೀರು. ಮಳೆಗಾಲದಲ್ಲಿ ಅದನ್ನೇ ಕಾಯಿಸಿ.
* ವಿದ್ಯುತ್ ಹೀಟರನ್ನು ನೀವು ಮುಟ್ಟಬೇಡಿ. ಪ್ಲಗ್ ತೆಗೆದು, ಆರಿದ ಮೇಲೆ ದೊಡ್ಡವರೇ ಸ್ವಚ್ಛಗೊಳಿಸಲಿ. ಅಂಗಡಿಯ ಆ್ಯಸಿಡ್ ಬಳಸಬೇಡಿ.

ಯೋಚಿಸಿ, ಉತ್ತರಿಸಿ

1. ರೇಡಿಯೇಟರಿನ ಕೊಳವೆ ಸೋರುತ್ತಿದೆ. ಮನೆಯವರು ವಾರವಾರವೂ ಹೊಸ ನೀರು ತುಂಬುತ್ತಾರೆ. ಇದರಿಂದ ಆಗುವ ಎರಡು ತೊಂದರೆಗಳು ಯಾವುವು?
2. ಹಂಡೆಯ ಹೊರಗಿನ ದಪ್ಪ ಮಸಿಯೂ ಉಷ್ಣವನ್ನು ತಡೆಯುತ್ತದೆಯೇ? ಕಾರಣ ಕೊಡಿ.
3. ನಿಮ್ಮ ತರಗತಿಯ 10 ಮನೆಗಳ ನೀರನ್ನು ನೊರೆ ಪರೀಕ್ಷೆಗೆ ಒಳಪಡಿಸಿ. ಯಾವ ಬಾವಿಯ ನೀರು ಹೆಚ್ಚು ಗಡಸು ಎಂದು ಪಟ್ಟಿ ಮಾಡಿ, ತರಗತಿಯ ಗೋಡೆಗೆ ಹಚ್ಚಿ.