ಓಟಕ್ಕೆ ಮೊದಲು ಮೈ ಬಿಸಿಯಾಗಲಿ

ಮಕ್ಕಳೇ, ಪಿ.ಟಿ. ಪೀರಿಯಡ್ ಬಂತೆಂದರೆ ಖೋ ಖೋ ಆಡಲು ನಿಮಗೆಲ್ಲ ಆತುರ. 'ಮೊದಲು ವಾರ್ಮ್ ಅಪ್ ಮಾಡಿ' ಎಂದು ಶಿಕ್ಷಕರು ಹೇಳಿದರೆ ಆಟದ ಸಮಯ ಹಾಳಾಯಿತು ಅನ್ನಿಸುತ್ತದೆ, ಅಲ್ಲವೇ? ಆ ಕೆಲವು ನಿಮಿಷಗಳಲ್ಲಿ ದೇಹದೊಳಗೆ ಏನು ನಡೆಯುತ್ತದೆ ನೋಡೋಣ.

ಸುಮ್ಮನೆ ಕುಳಿತಾಗ ಹೃದಯ ತಳ್ಳುವ ರಕ್ತದ ಸುಮಾರು ಐದನೇ ಒಂದು ಭಾಗ ಮಾತ್ರ ಸ್ನಾಯುಗಳಿಗೆ ಹೋಗುತ್ತದೆ. ಜೋರಾಗಿ ಓಡುವಾಗ ಇದರ ಬಹುಪಾಲು ಅವುಗಳಿಗೇ ಬೇಕು. ಈ ಬದಲಾವಣೆಗೆ ಸ್ವಲ್ಪ ಸಮಯ ಹಿಡಿಯುತ್ತದೆ. ದೇಹದೊಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ವಿಶ್ರಾಂತಿಯಲ್ಲಿರುವ ಕಾಲಿನ ಸ್ನಾಯು ಅದಕ್ಕಿಂತ ತಂಪಾಗಿರುತ್ತದೆ. ಕೆಲಸ ಮಾಡತೊಡಗಿದಾಗ ಸ್ನಾಯು ತಾನೇ ಶಾಖವನ್ನು ಉಂಟುಮಾಡುತ್ತದೆ. ಬೆಲ್ಲದ ಪಾಕ ಬಿಸಿಯಾದಾಗ ಸಲೀಸಾಗಿ ಹರಿಯುವಂತೆ, ಬಿಸಿಯಾದ ಸ್ನಾಯುವಿನ ಬಿಗಿತ ಕಡಿಮೆಯಾಗಿ ಅದು ಬೇಗ ಕುಗ್ಗುತ್ತದೆ, ಹಿಗ್ಗುತ್ತದೆ. ನರಗಳ ಸಂದೇಶವೂ ವೇಗವಾಗಿ ಸಾಗುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ.

ಹಾಗಾದರೆ ನಿಂತಲ್ಲೇ ಬಗ್ಗಿ, ಕಾಲ್ಬೆರಳು ಹಿಡಿದು ಎಣಿಸಿದರೆ ಸಾಕೇ? ಸಾಲದು. ಅದರಿಂದ ಸ್ನಾಯು ಹೆಚ್ಚು ಬಿಸಿಯಾಗುವುದಿಲ್ಲ. ಒಂದೇ ಸ್ನಾಯುವನ್ನು 1 ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ, ಕೂಡಲೇ ಓಡುವಾಗ ಅಥವಾ ನೆಗೆಯುವಾಗ ಶಕ್ತಿ ತುಸು ಕಡಿಮೆಯಾಗಬಹುದು. ಚಲನೆಯೇ ಮುಖ್ಯ. ನಿಧಾನ ಓಟದಿಂದ ಆರಂಭಿಸಿ. ಮಂಡಿ ಎತ್ತಿ ಓಡಿ, ಕೈಕಾಲು ಬೀಸಿ, ಕೊನೆಗೆ ಎರಡು ಮೂರು ಸಲ ಚುರುಕಾಗಿ ಓಡಿ. 10 ನಿಮಿಷ ಸಾಕು.

ಗಾಯಗಳೂ ಕಡಿಮೆಯಾಗುತ್ತವೆ. ಯುರೋಪಿನ 4 ದೇಶಗಳಲ್ಲಿ ಫುಟ್‌ಬಾಲ್ ಆಡುವ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ನೆಗೆತ, ಸಮತೋಲನ, ಸರಿಯಾಗಿ ಬೀಳುವ ಅಭ್ಯಾಸಗಳಿದ್ದ ವಾರ್ಮ್ ಅಪ್ ಮಾಡಿದ ತಂಡಗಳಲ್ಲಿ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು.

ನೀವೇ ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಅಳತೆ ಟೇಪು, ಸುಣ್ಣದ ಪುಡಿ, ನೋಟ್‌ಬುಕ್.

1. ಮೆತ್ತನೆಯ ಮಣ್ಣಿನ ಮೇಲೆ ಸುಣ್ಣದ ಗೆರೆ ಎಳೆಯಿರಿ. 10 ಮಂದಿ ಎರಡು ಗುಂಪಾಗಿ.
2. ಮೊದಲ ದಿನ 'ಅ' ಗುಂಪು ಮಾತ್ರ ವಾರ್ಮ್ ಅಪ್ ಮಾಡಲಿ. ಬಳಿಕ ಎಲ್ಲರೂ ನಿಂತಲ್ಲಿಂದಲೇ ಮುಂದಕ್ಕೆ 3 ಸಲ ನೆಗೆಯಿರಿ. ಅತಿ ಉದ್ದದ ನೆಗೆತವನ್ನು ಬರೆದುಕೊಳ್ಳಿ.
3. ಮರುದಿನ ಅದೇ ಹೊತ್ತಿಗೆ 'ಆ' ಗುಂಪು ಮಾತ್ರ ವಾರ್ಮ್ ಅಪ್ ಮಾಡಿ, ಎಲ್ಲರೂ ಮತ್ತೆ ನೆಗೆಯಿರಿ.

ಗುಂಪು ಬದಲಿಸುವುದೇಕೆ? ಎರಡನೇ ದಿನ ರೂಢಿಯಿಂದಲೇ ನೆಗೆತ ಹೆಚ್ಚಬಹುದಲ್ಲವೇ? ಪ್ರತಿಯೊಬ್ಬರ ಎರಡು ದಿನದ ಅಳತೆಗಳನ್ನು ಹೋಲಿಸಿ, ಫಲಿತಾಂಶವನ್ನು ಗೋಡೆಪತ್ರಿಕೆಯಲ್ಲಿ ಹಾಕಿ.

ಯೋಚಿಸಿ: ಬಿಸಿಲಿನಲ್ಲಿ ಸುಮ್ಮನೆ ನಿಂತರೆ ವಾರ್ಮ್ ಅಪ್ ಆದಂತೆಯೇ?