ಕೇಳಿದರೆ ಉತ್ತರ ಕೊಡುವವರು ಯಾರು?

ಐಟಿಐ, ಡಿಪ್ಲೊಮಾ, ಬಿ.ಇ. ಮುಗಿಸಿ ಕೆಲಸ ಹುಡುಕುತ್ತಿರುವ ಶಿವಮೊಗ್ಗ, ಭದ್ರಾವತಿಯ ಮಕ್ಕಳೇ, ನಿಮಗೆ ಒಂದು ಮಾತು ಹೇಳಬೇಕು. ಸಂಬಳ ಎಷ್ಟು ಅಂತ ನೀವು ಹೇಗೂ ವಿಚಾರಿಸುತ್ತೀರಿ. ಅದರ ಜೊತೆಗೇ, ನಾಳೆ ಏನಾದರೂ ತಕರಾರು ಬಂದರೆ ಯಾರ ಹತ್ತಿರ ಹೋಗಬೇಕು, ಅವರು ಉತ್ತರ ಕೊಡುತ್ತಾರಾ ಅಂತಲೂ ವಿಚಾರಿಸಿ.

ನಮ್ಮ ಮನೆಯಲ್ಲಿ ಎರಡು ತಲೆಮಾರು ಕಾರ್ಖಾನೆಯ ಅನ್ನ ಉಂಡವರು. ಆಗ ಹಾಜರಿ ಒಂದು ದಿನ ಕಮ್ಮಿ ಬಿದ್ದರೆ ಟೈಮ್ ಆಫೀಸಿನ ಕಿಟಕಿ ಮುಂದೆ ಹೋಗಿ ನಿಲ್ಲುತ್ತಿದ್ದರು. ಗುಮಾಸ್ತರು ದಪ್ಪ ಪುಸ್ತಕ ತೆಗೆದು ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಒಪ್ಪಿಗೆಯಾಗದಿದ್ದರೆ ಫೋರ್‌ಮನ್ ಹತ್ತಿರ, ಅಲ್ಲೂ ಬಗೆಹರಿಯದಿದ್ದರೆ ಯೂನಿಯನ್ ಆಫೀಸಿಗೆ. ಪ್ರತಿ ಸಲವೂ ನ್ಯಾಯ ಸಿಗುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ಕೇಳಲು ಒಂದು ಕಿಟಕಿ ಇತ್ತು, ಕಿಟಕಿಯೊಳಗೆ ಒಬ್ಬ ಮನುಷ್ಯ ಇದ್ದ.

ಮೊನ್ನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಹೋಟೆಲ್ ಮುಂದೆ ಮಳೆಗೆ ನಿಂತಿದ್ದೆ. ಪಕ್ಕದಲ್ಲಿ ಊಟ ತಲುಪಿಸುವ ಹುಡುಗ, ಫೋನಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಆರ್ಡರ್ ಕಾಯುತ್ತಿದ್ದ. ಮಾತಿಗೆ ಮಾತು ಬೆಳೆದು ಆ ವಾರದ ಲೆಕ್ಕ ತೋರಿಸಿದ. ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಇನ್ಸೆಂಟಿವ್ ಅಂತ ಇತ್ತಂತೆ. ಎರಡು ಆರ್ಡರ್ ಬಾಕಿ ಇದ್ದಾಗ ಬರುವುದೇ ನಿಂತುಹೋಯಿತು. ಊರಲ್ಲಿ ಆರ್ಡರೇ ಇರಲಿಲ್ಲವೋ, ಇವನಿಗೆ ಮಾತ್ರ ಬರಲಿಲ್ಲವೋ, ಯಾರಿಗೆ ಗೊತ್ತು? ‘ಸಹಾಯ’ ಅಂತ ಇದ್ದಲ್ಲಿ ಒತ್ತಿ ಕೇಳಿದ್ದಾನೆ. ಮೊದಲೇ ಬರೆದಿಟ್ಟ ಒಂದೇ ಉತ್ತರ ಮತ್ತೆ ಮತ್ತೆ ಬಂದಿದೆ. ‘ಸಿಸ್ಟಮ್ ಹಾಗಿದೆ ಅಜ್ಜಾ, ಏನ್ ಮಾಡಕ್ಕಾಗುತ್ತೆ’ ಅಂದ.

ಆ ಮಾತು ನನಗೆ ಸಂಕಟ ತಂದಿತು. ಸಿಸ್ಟಮ್ ತಾನಾಗಿ ಹಾಗಿರುವುದಿಲ್ಲ, ಮಕ್ಕಳೇ. ಯಾರೋ ಕುಳಿತು ಹಾಗೆ ಮಾಡಿರುತ್ತಾರೆ. ಗಾಂಧಿ ಬಜಾರಿನ ಹೂವಿನವಳು ಫೋನಿನಲ್ಲಿ ದುಡ್ಡು ತೆಗೆದುಕೊಳ್ಳುತ್ತಾಳೆ, ತೀರ್ಥಹಳ್ಳಿ ಕಡೆಯ ರೈತರು ತೋಟದಲ್ಲೇ ನಿಂತು ಅಡಿಕೆ ಧಾರಣೆ ನೋಡುತ್ತಾರೆ. ಇದೆಲ್ಲ ಒಳ್ಳೆಯದೇ, ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ನಿಯಮ ಮಾಡಿದ ಮನುಷ್ಯ ಯಂತ್ರದ ಹಿಂದೆ ಅಡಗಿ ಕೂತು, ‘ನಾನಲ್ಲ, ಅದು’ ಅನ್ನುತ್ತಾನಲ್ಲ, ಸಿಟ್ಟು ಬರುವುದು ಅವನ ಮೇಲೆ. ಹಳೆಯ ಸಾಹುಕಾರನ ದುರಾಸೆಗೆ ಒಂದು ಮುಖವಾದರೂ ಇತ್ತು.

ಕೇಳುವ ದಾರಿ ಈಗ ಸ್ವಲ್ಪ ತೆರೆದಿದೆ. ಆ ಹುಡುಗನಂತೆ ಆ್ಯಪ್ ಮೂಲಕ ದುಡಿಯುವ ಪ್ಲಾಟ್‌ಫಾರ್ಮ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಕಂಪನಿಗಳು ಕಾರ್ಮಿಕರ ಕಲ್ಯಾಣ ನಿಧಿಗೆ ಶೇ 1ರಿಂದ 5ರವರೆಗೆ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು. ಯಂತ್ರವೇ ನಿರ್ಧರಿಸುವ ವಿಷಯಗಳ ಬಗ್ಗೆ ಮಾಹಿತಿ ಕೇಳುವ ಹಕ್ಕೂ ಕಾರ್ಮಿಕನಿಗಿದೆ. ಕಾಗದದ ಮೇಲಿನ ಹಕ್ಕು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ಹತ್ತು ಜನ ಸೇರಿ ಹೋಗಿ ಕೇಳಬೇಕು. ಐಟಿಯವರಿಗೂ ‘ಕಿಟು’ ಅನ್ನುವ ಸಂಘ ಇದೆ. ದಿನದ ದುಡಿಮೆಯ ಗಂಟೆ ಹೆಚ್ಚಿಸುವ ಪ್ರಸ್ತಾಪ ಬಂದಾಗ ಎದುರು ನಿಂತವರು ಅವರು. ‘ಯೂನಿಯನ್ ಎಲ್ಲ ಕೂಲಿಯವರಿಗೆ, ನಾವು ಇಂಜಿನಿಯರ್’ ಅನ್ನುವ ಬಿಗುಮಾನ ಬೇಡ. ತಿಂಗಳ ಸಂಬಳಕ್ಕೆ ಕಾಯುವವರೆಲ್ಲ ಒಂದೇ ಸಾಲಿನಲ್ಲಿ ನಿಂತವರು.

ಉತ್ತರ ಕೊಡುವವರು ದೂರವಾದರೆ ಏನಾಗುತ್ತದೆ ಅನ್ನುವುದಕ್ಕೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನೋಡಿ. ಅದರ ಕಥೆ ನಿಮಗೆ ಅರ್ಧ ಮಾತ್ರ ಗೊತ್ತಿರುತ್ತದೆ. 1923ರಲ್ಲಿ ಕುಲುಮೆ ಹೊತ್ತಿಸಿದ ಹೊತ್ತಿಗೆ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟಕ್ಕೆ ಬಿತ್ತು. ಆಗ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ನಿಂತು ಅದನ್ನು ಮೇಲೆತ್ತಿದರು. ಖರ್ಚು ಕಡಿಮೆ ಮಾಡಿದರು, ಹೊರದೇಶದ ಇಂಜಿನಿಯರುಗಳ ಜಾಗಕ್ಕೆ ನಮ್ಮವರನ್ನು ತಯಾರು ಮಾಡಿದರು. ಆ ಸೇವೆಗೆ ತಮಗೆ ಬರಬೇಕಿದ್ದ ಹಣವನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಿ ಅಂದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ. ಲಾಭ ಅಂದರೆ ಏನು, ಅದು ಯಾರ ಕಡೆ ಹರಿಯಬೇಕು ಅಂತ ಯಾರಾದರೂ ನಿಮ್ಮನ್ನು ಕೇಳಿದರೆ ಇದನ್ನು ಹೇಳಿ.

ಇನ್ನರ್ಧ ಕಥೆ ನೋವಿನದು. 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ (ಸೇಲ್) ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ನಿರ್ಧಾರ ಮಾಡುವ ಮೇಜು ಭದ್ರೆಯ ದಂಡೆಯಿಂದ ದೆಹಲಿಗೆ ಸರಿಯಿತು. 2016ರಲ್ಲಿ ಮಾರಾಟಕ್ಕೆ ಒಪ್ಪಿಗೆ ಕೊಟ್ಟರು, ಕೊಳ್ಳುವವರು ಬರಲಿಲ್ಲ. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು. ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು ನಿಜ, ಆದರೆ ಆ ನಡುವಿನ ತಿಂಗಳುಗಳಲ್ಲಿ ಗೇಟಿನ ಮುಂದೆ ಶಾಮಿಯಾನ ಹಾಕಿ ಕೂತವರು ಗುತ್ತಿಗೆ ಕಾರ್ಮಿಕರು. ವರ್ಷಾನುಗಟ್ಟಲೆ ಅದೇ ಬೆಂಕಿಯ ಮುಂದೆ ಬೆವರಿದವರು ಅವರು. ಖಾಯಂ ನೌಕರರಿಗೆ ವರ್ಗಾವಣೆ, ಪಿಂಚಣಿ ಏನಾದರೊಂದು ಇರುತ್ತದೆ. ಗುತ್ತಿಗೆಯವನ ಕೈಯಲ್ಲಿ ಗೇಟ್ ಪಾಸ್ ಮಾತ್ರ.

ಅದಕ್ಕೇ ಹೇಳುವುದು, ಮಾಚೇನಹಳ್ಳಿಯ ಫೌಂಡ್ರಿಯಾಗಲಿ, ಬೆಂಗಳೂರಿನ ಗಾಜಿನ ಕಟ್ಟಡವಾಗಲಿ, ಗೇಟಿನ ಮೇಲಿರುವ ಹೆಸರೇ ನಿಮ್ಮ ಸಂಬಳದ ಚೀಟಿಯ ಮೇಲೂ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಮಾಲೀಕ ಬೇರೆ ಯಾರೋ. ಅವನು ಯಾರು, ಆಫೀಸು ಎಲ್ಲಿ, ಅಂತ ಮೊದಲ ವಾರದಲ್ಲೇ ತಿಳಿದುಕೊಳ್ಳಿ. ಪಿ.ಎಫ್. ಹಿಡಿದರೆ ಸಾಲದು, ಕಟ್ಟಿದ್ದಾರಾ ಅಂತ ನಿಮ್ಮ ಪಾಸ್‌ಬುಕ್ಕನ್ನು ಫೋನಿನಲ್ಲೇ ತಿಂಗಳು ತಿಂಗಳು ನೋಡಬಹುದು. ನಮ್ಮ ಕಾಲಕ್ಕೆ ಇಲ್ಲದ ಅನುಕೂಲ ಅದು, ಬಿಡಬೇಡಿ.

ಹಳೆಯದೆಲ್ಲ ಚಿನ್ನ ಅಂತ ನಾನು ಹೊಗಳುತ್ತಿಲ್ಲ. ಭದ್ರಾವತಿಯ ಆ ಕುಲುಮೆ ಇದ್ದಿಲಿನಿಂದ ಉರಿದದ್ದು, ಇದ್ದಿಲು ನಮ್ಮ ಮಲೆನಾಡಿನ ಮರಗಳದ್ದು. ಅದೇ ಊರಿನ ಕಾಗದದ ಕಾರ್ಖಾನೆಗಾಗಿ ಗುಡ್ಡಗುಡ್ಡಗಳಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟರು. 1936ರಲ್ಲಿ ಶುರುವಾದ ಆ ಗಿರಣಿ 2015ರಲ್ಲಿ ನಿಂತಿತು. ಆಮೇಲೆ 2020ರಲ್ಲಿ ನೆಡುತೋಪಿನ ಕಾಡುಜಮೀನಿನ ಗುತ್ತಿಗೆಯನ್ನು ಇನ್ನೂ 40 ವರ್ಷಕ್ಕೆ ಮುಂದುವರಿಸಿದರು. ಕಾಗದ ಮಾಡುವವರಿಲ್ಲ, ಕಾಡಿನ ಮೇಲಿನ ಹಿಡಿತ ಮಾತ್ರ ಬೇಕು! ಮಲೆನಾಡಿನವರು ಇದನ್ನು ವಿರೋಧಿಸಿ ಬೀದಿಗೆ ಬಂದರು, ಬಂದದ್ದು ಸರಿಯೇ. ಸರ್ಕಾರದ್ದಾಗಲಿ ಖಾಸಗಿಯದ್ದಾಗಲಿ, ಎದುರಿಗೆ ನಿಂತು ಲೆಕ್ಕ ಕೇಳುವವರಿಲ್ಲದಿದ್ದರೆ ದೊಡ್ಡ ಸಂಸ್ಥೆಯ ಹಸಿವಿಗೆ ಮಿತಿ ಇರುವುದಿಲ್ಲ.

ಸಾಲದ ಆ್ಯಪ್‌ಗಳ ವಿಷಯವೂ ಇದೇ. ಐದು ನಿಮಿಷದಲ್ಲಿ ದುಡ್ಡು ಬರುತ್ತದೆ, ಆಮೇಲೆ ಕಂತು ತಪ್ಪಿದರೆ ನಿಮ್ಮ ಫೋನಿನಲ್ಲಿರುವ ಅತ್ತೆ, ಮಾವ, ಗೆಳೆಯರಿಗೆಲ್ಲ ಕರೆ ಹೋಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬಡ್ಡಿ ಮತ್ತು ಎಲ್ಲ ಖರ್ಚು ಸೇರಿಸಿ ವರ್ಷಕ್ಕೆ ಶೇಕಡಾ ಎಷ್ಟು ಅಂತ ಮೊದಲೇ ಬರೆದು ಕೊಡಬೇಕು. ಕೊಡದವರ ಹತ್ತಿರ ಸಾಲ ಬೇಡ. ಇನ್ನು ಶೇರು ಪೇಟೆಯ ಫ್ಯೂಚರ್ಸ್–ಆಪ್ಷನ್ಸ್ ಆಟ. ಅದರಲ್ಲಿ ಕೈಹಾಕಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಮೂರು ವರ್ಷದಲ್ಲಿ ಕಳೆದುಕೊಂಡರು ಅಂತ ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿದೆ. ಅಪ್ಪ ತೋಟ ಅಡವಿಟ್ಟು ಓದಿಸಿದ ದುಡ್ಡಿಗೆ ಆ ದಾರಿ ಬೇಡವೇ ಬೇಡ, ಕೈಮುಗಿದು ಕೇಳುತ್ತೇನೆ.

ಆಫರ್ ಲೆಟರ್ ಬಂದ ದಿನ ಸಿಹಿ ಹಂಚಿ, ಸಂತೋಷಪಡಿ. ಸಹಿ ಮಾಡುವ ಮುಂಚೆ ತಿಳಿದವರ ಹತ್ತಿರ ಓದಿಸಿ. ಸಂಬಳದ ಚೀಟಿ, ವಾರದ ಲೆಕ್ಕದ ಸ್ಕ್ರೀನ್‌ಶಾಟ್, ಕೆಲಸದ ಮೆಸೇಜು, ಒಂದನ್ನೂ ಅಳಿಸಬೇಡಿ. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ ನಾಚಿಕೆ ಅಂತ ಮುಚ್ಚಿಡದೆ ಆ ಗಳಿಗೆಯಲ್ಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಂಬಳ ಬಾಕಿ ನಿಂತರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ವಕೀಲರ ಫೀಸಿಗೆ ಹೆದರಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಕೈಗಾರಿಕಾ ಕಾರ್ಮಿಕರಿಗೆ ಪುಕ್ಕಟೆ ನೆರವು ಸಿಗುತ್ತದೆ. ಹೋಗುವಾಗ ಒಬ್ಬರೇ ಹೋಗಬೇಡಿ, ಜೊತೆಯಲ್ಲಿ ದುಡಿಯುವವರನ್ನೂ ಕರೆದುಕೊಂಡು ಹೋಗಿ.